ಹಡಗನ್ನು ಉಳಿಸುವ ವಿದ್ಯೆ

ಕಡೂರು, ತರೀಕೆರೆ, ಅಜ್ಜಂಪುರ—ಈ ಮೂರು ಊರುಗಳ ಹೆಸರನ್ನು ಕೇಳಿದೊಡನೆ ಯಾರಿಗೂ ಕಡಲಿನ ನೆನಪು ಬರಲಾರದು. ಕಡೂರಿನ ಸುತ್ತ ತೆಂಗು ರಾಗಿಗಳ ಬಯಲು. ತರೀಕೆರೆಯ ಸುತ್ತ ಅಡಕೆಯ ತೋಟ. ಅಜ್ಜಂಪುರದ ಕಡೆ ಅಮೃತಮಹಲ್ ದನಗಳು ಮೇಯುವ ಕಾವಲು. ಬೀರೂರಿನಲ್ಲಿ ರೈಲುಹಾದಿ ಕವಲೊಡೆದು, ಒಂದು ತರೀಕೆರೆಯ ಕಡೆಗೂ ಇನ್ನೊಂದು ಅಜ್ಜಂಪುರದ ಕಡೆಗೂ ಸಾಗುತ್ತದೆ. ಯಾವುದನ್ನು ಹಿಡಿದು ಹೊರಟರೂ ಪ್ರಯಾಣಿಕನ ಕಣ್ಣಿಗೆ ಬೀಳುವುದು ಕೆರೆಯೇ ಹೊರತು ಸಮುದ್ರವಲ್ಲ. ಅರಬ್ಬೀ ಸಮುದ್ರಕ್ಕೂ ಈ ಸೀಮೆಗೂ ನಡುವೆ ಪಶ್ಚಿಮ ಘಟ್ಟಗಳ ಸಾಲು ಗೋಡೆಯಂತೆ ನಿಂತಿದೆ.

ಆದರೂ ನೀರಿನ ಭಯವೆಂದರೇನೆಂಬುದು ಇಲ್ಲಿಯವರಿಗೆ ತಿಳಿಯದ ಸಂಗತಿಯಲ್ಲ. ಮಳೆ ಅನೇಕ ಸಲ ಕೈಕೊಡುವ ಕಡೂರು ತಾಲ್ಲೂಕಿನಲ್ಲಿ ಮದಗದಕೆರೆ ತುಂಬಿ ಕೋಡಿ ಬಿದ್ದಿತೆಂದರೆ ಅದೊಂದು ಹಬ್ಬ. ಆದರೆ ಯಾವ ಊರಿನಲ್ಲಾಗಲಿ, ಕೆರೆ ತುಂಬಿದ ರಾತ್ರಿಯೇ ಏರಿ ಕಾಯುವವರಿಗೆ ನಿದ್ರೆ ಬಾರದ ರಾತ್ರಿಯೂ ಹೌದು. ಇಲಿಯೋ ಏಡಿಯೋ ಕೊರೆದ ಸಣ್ಣದೊಂದು ಬಿಲದಿಂದ ಮೊದಲಾದ ಜಿನುಗು, ಬೆಳಗಾಗುವಷ್ಟರಲ್ಲಿ ಏರಿಯನ್ನೇ ಒಡೆದು ಗದ್ದೆ ತೋಟಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಅದಕ್ಕಾಗಿಯೇ ಹಿಂದೆ ಕೆರೆಯುಳ್ಳ ಊರುಗಳಲ್ಲಿ ನೀರಗಂಟಿ ಎಂಬವನಿರುತ್ತಿದ್ದನು. ಜಿನುಗು ಕಂಡೊಡನೆ ಮಣ್ಣಿನ ಮೂಟೆಯನ್ನೂ ಹುಲ್ಲಿನ ಕಂತೆಯನ್ನೂ ಹೊತ್ತು ಓಡಬೇಕು. ತೂತನ್ನು ಸಾಧ್ಯವಾದರೆ ನೀರಿನ ಕಡೆಯಿಂದಲೇ ಮುಚ್ಚಬೇಕು. ಆಗ ನೀರಿನ ಒತ್ತಡವೇ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಸಭೆ ಸೇರಿಸಿ ಆಲೋಚಿಸುವುದಕ್ಕೆ ಅಲ್ಲಿ ಕಾಲವಿಲ್ಲ.

ಮಣ್ಣಿನ ಏರಿಯ ಸ್ಥಾನದಲ್ಲಿ ಉಕ್ಕಿನ ಗೋಡೆಯನ್ನಿಟ್ಟುಕೊಂಡರೆ, ಭಾರತೀಯ ನೌಕಾಪಡೆ ತನ್ನ ಹೊಸ ಅಧಿಕಾರಿಗಳಿಗೆ ಕಲಿಸುವ ಅತಿ ಮುಖ್ಯವಾದ ಪಾಠಗಳಲ್ಲೊಂದು ಇದೇ ಆಗಿದೆ. ಹಡಗಿಗೆ ಬೆಂಕಿ ಬಿದ್ದಾಗ, ಒಡಲು ಸೀಳಿ ನೀರು ನುಗ್ಗಿದಾಗ ಮಾಡಬೇಕಾದುದನ್ನು ಅವರು ಪುಸ್ತಕದಿಂದಷ್ಟೇ ಅರಿತರೆ ಸಾಲದು. ತಮ್ಮ ಕೈಗಳಿಂದಲೇ ಮಾಡಿ ಕಲಿಯಬೇಕು.

ಒಳನಾಡಿನಿಂದ ಕಡಲಿಗೆ

ನೌಕಾಧಿಕಾರಿಯಾಗುವುದಕ್ಕೆ ಕರಾವಳಿಯಲ್ಲಿಯೇ ಹುಟ್ಟಿರಬೇಕೆಂಬ ನಿಯಮವಿಲ್ಲ. ಕಡೂರಿನ ಅಥವಾ ತರೀಕೆರೆಯ ಕಾಲೇಜಿನಲ್ಲಿ ಓದಿದ ವಿದ್ಯಾರ್ಥಿಗೂ ದಾರಿ ತೆರೆದೇ ಇದೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನು ಗೆದ್ದು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರುವುದು ಒಂದು ಮಾರ್ಗ; ಪದವಿಪೂರ್ವ ಶಿಕ್ಷಣವನ್ನು ಮುಗಿಸಿ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಅಂಕಗಳ ಆಧಾರದಿಂದ ನೇರವಾಗಿ ನೌಕಾಪಡೆಯ ಬಿ.ಟೆಕ್. ಶಿಕ್ಷಣಕ್ಕೆ ಆಯ್ಕೆಯಾಗುವುದು ಇನ್ನೊಂದು. ಕೇರಳದ ಕಣ್ಣೂರು ಜಿಲ್ಲೆಯ ಎಳಿಮಲದಲ್ಲಿ, ಬೆಟ್ಟವೂ ಕಡಲೂ ಕೂಡುವ ತಾಣದಲ್ಲಿ, ಭಾರತೀಯ ನೌಕಾ ಅಕಾಡೆಮಿಯಿದೆ. ಅದು 2009ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮುಂದೆ ಕೊಚ್ಚಿಯಲ್ಲಿ ನೆಲೆಯಾಗಿರುವ ಮೊದಲನೆಯ ತರಬೇತಿ ನೌಕಾಸಮೂಹದ ಹಡಗುಗಳ ಮೇಲೆ ತರುಣರು ತಿಂಗಳುಗಟ್ಟಲೆ ಕಡಲಿನ ಬಾಳುವೆಯನ್ನು ಅಭ್ಯಾಸ ಮಾಡುತ್ತಾರೆ.

ಊರಿನಲ್ಲಿ ಮನೆಗೆ ಬೆಂಕಿ ಬಿದ್ದರೆ ನೆರೆಯವರು ಓಡಿ ಬರುತ್ತಾರೆ. ಅಗ್ನಿಶಾಮಕ ದಳಕ್ಕೆ ಸುದ್ದಿ ಹೋಗುತ್ತದೆ. ಉಳಿದವರು ಬೀದಿಗೆ ಬಂದು ಪ್ರಾಣ ಉಳಿಸಿಕೊಳ್ಳುತ್ತಾರೆ. ನಡುಗಡಲಿನ ಹಡಗಿಗೆ ನೆರೆಮನೆಯಿಲ್ಲ, ಬೀದಿಯೂ ಇಲ್ಲ. ಸಾವಿರಾರು ಲೀಟರು ಇಂಧನ, ಮದ್ದಿನ ಕೋಣೆ, ವಿದ್ಯುತ್ತಿನ ತಂತಿಗಳು, ಮಲಗುವ ಮಂಚಗಳು, ಅಡುಗೆಮನೆ—ಎಲ್ಲವೂ ಒಂದೇ ಉಕ್ಕಿನ ಪೆಟ್ಟಿಗೆಯೊಳಗೆ. ಆದುದರಿಂದ ಹಡಗಿನಲ್ಲಿರುವ ಪ್ರತಿಯೊಬ್ಬನೂ, ಅಡುಗೆಯವನಿಂದ ಮೊದಲ್ಗೊಂಡು ಕಪ್ತಾನನವರೆಗೆ, ಅಗ್ನಿಶಾಮಕನೂ ಆಗಿರಲೇಬೇಕು.

ಓಲಾಡುವ ಕೋಣೆ

ಮಹಾರಾಷ್ಟ್ರದ ಲೋನಾವಳದಲ್ಲಿ, ಕಡಲಿನಿಂದ ದೂರದ ಬೆಟ್ಟದ ಮೇಲೆ, ನೌಕಾಪಡೆಯ ‘ಶಿವಾಜಿ’ ತರಬೇತಿ ಕೇಂದ್ರವಿದೆ. 1945ರಲ್ಲಿ ಸ್ಥಾಪನೆಯಾದ ಈ ಕೇಂದ್ರದಲ್ಲಿ ಅಣ್ವಸ್ತ್ರ, ಜೈವಿಕ ಮತ್ತು ರಾಸಾಯನಿಕ ಅಸ್ತ್ರಗಳಿಂದ ರಕ್ಷಿಸಿಕೊಳ್ಳುವ ಬಗೆಯನ್ನೂ, ನಾವಿಕರು ‘ಡ್ಯಾಮೇಜ್ ಕಂಟ್ರೋಲ್’ ಎಂದು ಕರೆಯುವ ಹಾನಿ ನಿಯಂತ್ರಣವನ್ನೂ ಕಲಿಸುವ ಶಾಲೆಯೊಂದುಂಟು. ಗೋವಾ ಶಿಪ್‌ಯಾರ್ಡ್ ಕಟ್ಟಿಕೊಟ್ಟ ‘ಅಕ್ಷತ’ ಎಂಬ ಸಾಧನ ಇಲ್ಲಿಯ ವಿಶೇಷ. ಹೆಸರಿನ ಅರ್ಥ ‘ಗಾಯಗೊಳ್ಳದುದು’. ನೋಡುವುದಕ್ಕೆ ಅದು ಹಡಗಿನ ಹೊಟ್ಟೆಯ ಒಂದು ಭಾಗ. ನೆಲದ ಮೇಲೆ ನಿಂತಿದ್ದರೂ ಅಲೆಯ ಹೊಡೆತಕ್ಕೆ ಸಿಕ್ಕಿದಂತೆ ಓಲಾಡುತ್ತದೆ. ಒಳಗೆ ಇರುವವರ ಮೇಲೆ ನೀರು ನಿಜವಾಗಿಯೂ ನುಗ್ಗಿ ಬರುತ್ತದೆ.

ಇಂತಹ ಕೋಣೆಯಲ್ಲಿ ಅಭ್ಯಾಸ ನಡೆಯುವ ಬಗೆಯನ್ನು ಊಹಿಸಿಕೊಳ್ಳಬಹುದು. ದೀಪಗಳು ಆರುತ್ತವೆ. ಗೋಡೆಯ ಸೀಳಿನಿಂದಲೂ ಒಡೆದ ಕೊಳವೆಯಿಂದಲೂ ನೀರು ಚಿಮ್ಮಿ ಮುಖಕ್ಕೆ ಅಪ್ಪಳಿಸುತ್ತದೆ. ಪಕ್ಕದವನು ಕೂಗಿದ್ದು ನೀರಿನ ಭೋರ್ಗರೆತದಲ್ಲಿ ಕೇಳಿಸುವುದಿಲ್ಲ. ಮೊಣಕಾಲಿನ ಮಟ್ಟದಲ್ಲಿದ್ದ ನೀರು ನೋಡುತ್ತಿದ್ದಂತೆಯೇ ಸೊಂಟಕ್ಕೇರುತ್ತದೆ. ಕೈಗೆ ಸಿಕ್ಕುವ ಉಪಕರಣಗಳೋ ಬಹು ಸರಳವಾದವು: ಮೆದುಮರದ ಬಿರಡೆಗಳು, ಬೆಣೆಗಳು, ಚಿಂದಿ ಬಟ್ಟೆ, ಹಾಸುಗಂಬಳಿ, ಸುತ್ತಿಗೆ, ಗರಗಸ, ಮರದ ತೊಲೆಗಳು. ಕ್ಷಿಪಣಿಗಳನ್ನು ಹೊತ್ತ ಯುದ್ಧನೌಕೆಯಲ್ಲಿಯೂ ಬಡಗಿಯ ಈ ಸಾಮಾನುಗಳಿಗೆ ಬೆಲೆ ಕಡಿಮೆಯಾಗಿಲ್ಲ. ಮೆದುಮರ ನೀರು ಕುಡಿದು ಉಬ್ಬುತ್ತದೆ. ಉಬ್ಬಿದಷ್ಟೂ ತೂತನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಇದರ ಹಿಂದಿರುವ ಲೆಕ್ಕವೂ ಸ್ವಾರಸ್ಯವಾದುದು. ನೀರಿನ ಮಟ್ಟದಿಂದ 3 ಮೀಟರು ಕೆಳಗೆ, 10 ಸೆಂಟಿಮೀಟರು ಅಡ್ಡಳತೆಯ ಒಂದು ತೂತಾಯಿತೆಂದು ಇಟ್ಟುಕೊಳ್ಳೋಣ. ಊಟದ ತಟ್ಟೆಗಿಂತ ಬಹಳ ಚಿಕ್ಕದು. ಆದರೂ ಅದರ ಮೂಲಕ ನಿಮಿಷಕ್ಕೆ ಸುಮಾರು 2 ಟನ್ನು ನೀರು ಒಳನುಗ್ಗುತ್ತದೆ. ಗಂಟೆಯೊಂದರಲ್ಲಿ 120 ಟನ್ನಿಗೂ ಹೆಚ್ಚು. ಆ ತೂತಿಗೆ ಬಿರಡೆಯನ್ನು ಒತ್ತಿ ಹಿಡಿಯಲು ಬೇಕಾದ ಬಲವೆಷ್ಟು? ಸುಮಾರು 24 ಕಿಲೋ ಭಾರಕ್ಕೆ ಸಮನಾದದ್ದು ಮಾತ್ರ. ಅಕ್ಕಿಯ ಮೂಟೆಯೊಂದನ್ನು ಎತ್ತಬಲ್ಲ ತರುಣನಿಗೆ ಅಸಾಧ್ಯವಲ್ಲ. ಆದರೆ ತೂತಿನ ಅಡ್ಡಳತೆ 30 ಸೆಂಟಿಮೀಟರಾದರೆ ಬಲವೂ ಒಂಬತ್ತು ಪಟ್ಟಾಗುತ್ತದೆ. ಅದನ್ನು ಬರಿಗೈಯಿಂದ ತಡೆಯಲಾಗದು. ಆಗ ಹಲಗೆಯನ್ನಿಟ್ಟು, ತೊಲೆಗಳನ್ನು ಅಳತೆಗೆ ಕೊಯ್ದು, ಎದುರಿನ ಕಂಬಕ್ಕೋ ನೆಲಕ್ಕೋ ಆಸರೆ ಕೊಟ್ಟು, ಬೆಣೆ ಬಡಿದು ಬಿಗಿಮಾಡಬೇಕು. ಕತ್ತಲೆಯಲ್ಲಿ, ಓಲಾಡುವ ನೆಲದ ಮೇಲೆ, ಎದೆಮಟ್ಟದ ನೀರಿನಲ್ಲಿ ನಿಂತು ತೊಲೆಯನ್ನು ಅಳತೆ ತಪ್ಪದಂತೆ ಕೊಯ್ಯುವುದನ್ನು ಯಾವ ಪುಸ್ತಕ ಕಲಿಸೀತು?

ಹೊಗೆಯೊಳಗಿನ ದಾರಿ

ನೀರಿಗಿಂತ ಬೆಂಕಿ ಇನ್ನೂ ಕಪಟಿ. ಉಕ್ಕು ಶಾಖವನ್ನು ಬೇಗನೆ ಹಾಯಿಸುವುದರಿಂದ, ಒಂದು ಕೋಣೆಯಲ್ಲಿ ಹೊತ್ತಿದ ಬೆಂಕಿ ಗೋಡೆಯ ಆಚೆಗಿರುವ ಬಣ್ಣವನ್ನೂ ಕಾಗದವನ್ನೂ ಬಟ್ಟೆಯನ್ನೂ ಹೊತ್ತಿಸಬಲ್ಲದು. ಆದುದರಿಂದ ಉರಿಯುವ ಕೋಣೆಯೊಳಕ್ಕೆ ನುಗ್ಗುವವರಷ್ಟೇ, ಅದರ ಸುತ್ತಲಿನ ಗೋಡೆಗಳಿಗೂ ಮೇಲಿನ ನೆಲಕ್ಕೂ ನೀರೆರೆದು ತಂಪು ಮಾಡುವವರೂ ಅವಶ್ಯ. ಬಾಗಿಲಿಗೆ ಕೈಯ ಹಿಂಭಾಗವನ್ನು ಹತ್ತಿರ ಹಿಡಿದು ಕಾವನ್ನು ಪರೀಕ್ಷಿಸದೆ ತೆರೆಯಬಾರದು. ತೆರೆದೊಡನೆ ಒಳಗೆ ಗಾಳಿ ಹೋಗಿ, ನಂದಿದಂತೆ ಕಂಡ ಬೆಂಕಿ ಉರಿನಾಲಗೆಯಾಗಿ ಹೊರಕ್ಕೆ ಹಾರೀತು. ಹೊಗೆ ಮೇಲೆ ನಿಲ್ಲುತ್ತದೆ. ತಂಪಾದ ಗಾಳಿ ನೆಲದ ಬಳಿ ಸ್ವಲ್ಪ ಉಳಿದಿರುತ್ತದೆ. ಆದುದರಿಂದ ಬಾಗಿ, ಬೇಕಾದರೆ ತೆವಳಿ, ಗೋಡೆಯನ್ನು ಕೈಯಿಂದ ತಡವುತ್ತ ಮುಂದುವರಿಯಬೇಕು.

ಮುಖವಾಡ ಧರಿಸಿ ಗಾಳಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡರೆ ಹೊಗೆಯಲ್ಲಿ ಉಸಿರಾಡಬಹುದು. ಆದರೆ ಆ ಗಾಳಿ ಮಿತವಾದದ್ದು. ಭಯಪಟ್ಟು ಬೇಗ ಬೇಗ ಉಸಿರೆಳೆದಷ್ಟೂ ಬೇಗ ಮುಗಿಯುತ್ತದೆ. ಒಳಹೊಕ್ಕವನ ಲೆಕ್ಕವನ್ನು ಹೊರಗೆ ನಿಂತವನೊಬ್ಬನು ಗಡಿಯಾರ ನೋಡುತ್ತ ಬರೆದಿಡಬೇಕು. ಇಂಧನದ ಬೆಂಕಿಗೆ ನೀರಿನ ಧಾರೆಯನ್ನು ಹೊಡೆದರೆ ಉರಿಯುವ ಎಣ್ಣೆ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ; ಅದಕ್ಕೆ ನೊರೆಯ ಹೊದಿಕೆಯೇ ತಕ್ಕದು. ಯಂತ್ರಾಗಾರದ ಬೆಂಕಿ ಕೈಮೀರಿದರೆ ಬಾಗಿಲುಗಳನ್ನೆಲ್ಲ ಮುಚ್ಚಿ, ಪ್ರಾಣವಾಯುವಿಲ್ಲದಂತೆ ಮಾಡುವ ಅನಿಲವನ್ನು ಒಳಗೆ ಬಿಡುವುದೂ ಒಂದು ಕ್ರಮ. ಆದರೆ ಹಾಗೆ ಬಿಡುವ ಮುನ್ನ ಒಳಗಿದ್ದವರೆಲ್ಲ ಹೊರಬಂದಿದ್ದಾರೆಯೆ ಎಂಬುದನ್ನು ನಿಶ್ಚಯ ಮಾಡಿಕೊಳ್ಳಬೇಕು. ಬೆಂಕಿಯನ್ನು ಕೊಲ್ಲುವ ಆ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಹೆಸರು ಹೆಸರಾಗಿ ಎಣಿಸುವ ಈ ಹೊಣೆ ಅನೇಕ ವೇಳೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಅಧಿಕಾರಿಯೊಬ್ಬನ ಮೇಲೆಯೇ ಬೀಳಬಹುದು.

ಅಧಿಕಾರಿಯ ಕೈ ಏಕೆ ನೆನೆಯಬೇಕು?

ಆಜ್ಞೆ ಕೊಡುವವನು ತಾನೇ ಬಿರಡೆ ಬಡಿಯುವುದನ್ನೂ ನೀರಿನ ಕೊಳವೆ ಹಿಡಿಯುವುದನ್ನೂ ಏಕೆ ಕಲಿಯಬೇಕೆಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ಇತಿಹಾಸ ಬಹು ದುಬಾರಿ ಬೆಲೆಗೆ ಕೊಟ್ಟಿದೆ.

1967ರ ಜುಲೈ 29ರಂದು ವಿಯೆಟ್ನಾಮಿನ ಸಮೀಪದ ಕಡಲಿನಲ್ಲಿ ಅಮೆರಿಕದ ‘ಫಾರೆಸ್ಟಲ್’ ಎಂಬ ವಿಮಾನವಾಹಕ ಹಡಗಿನ ಮೇಲೆ ರಾಕೆಟ್ಟೊಂದು ಆಕಸ್ಮಿಕವಾಗಿ ಹಾರಿ, ವಿಮಾನವೊಂದರ ಇಂಧನ ಚೆಲ್ಲಿ ಬೆಂಕಿ ಹೊತ್ತಿಕೊಂಡಿತು. ತರಬೇತಿ ಹೊಂದಿದ ಅಗ್ನಿಶಾಮಕರ ತಂಡ ತತ್‌ಕ್ಷಣವೇ ಧಾವಿಸಿತು. ಎರಡು ನಿಮಿಷ ಕಳೆಯುವ ಮುನ್ನವೇ ಬೆಂಕಿಯಲ್ಲಿದ್ದ ಬಾಂಬೊಂದು ಸಿಡಿದು ಆ ತಂಡದ ಬಹುಮಂದಿ ಅಲ್ಲಿಯೇ ಮಡಿದರು. ಉಳಿದ ನಾವಿಕರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ವಿದ್ಯೆಗೆ ಕೊರತೆಯಿದ್ದಿತು. ಒಂದು ಕಡೆಯವರು ಹರಡಿದ ನೊರೆಯನ್ನು ಇನ್ನೊಂದು ಕಡೆಯವರು ನೀರೆರೆದು ತೊಳೆದುಬಿಟ್ಟರು. ಆ ದಿನ 134 ಮಂದಿ ಪ್ರಾಣ ತೆತ್ತರು. ಬಲ್ಲವರು ಕೆಲವರೇ ಇದ್ದರೆ ಸಾಲದು, ಹಡಗಿನಲ್ಲಿರುವ ಎಲ್ಲರೂ ಬಲ್ಲವರಾಗಿರಬೇಕು ಎಂಬುದನ್ನು ಜಗತ್ತಿನ ನೌಕಾಪಡೆಗಳು ಅಂದಿನಿಂದ ಮರೆತಿಲ್ಲ.

ನಮ್ಮ ಮುಂಬಯಿಯಲ್ಲಿಯೇ ಇದಕ್ಕೂ ಮುಂಚೆ ಮತ್ತೊಂದು ಪಾಠ ನಡೆದಿತ್ತು. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಸರಕುಹಡಗಿನಲ್ಲಿ ಹತ್ತಿಗೆ ಬೆಂಕಿ ಬಿತ್ತು. ಅದೇ ಹಡಗಿನ ಹೊಟ್ಟೆಯಲ್ಲಿ ಸಾವಿರ ಟನ್ನಿಗೂ ಮೀರಿದ ಸ್ಫೋಟಕಗಳಿದ್ದವು. ಹಡಗನ್ನು ಮುಳುಗಿಸಬೇಕೆ, ಹೊರಕ್ಕೆ ಒಯ್ಯಬೇಕೆ, ಇದ್ದಲ್ಲಿಯೇ ಬೆಂಕಿಯನ್ನು ನಂದಿಸಬೇಕೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರೇ ಹೊರತು, ನಿರ್ಧರಿಸಿ ಆಜ್ಞೆ ಮಾಡುವವರಾರೂ ಮುಂದೆ ಬರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ನೂರಾರು ಜನ ಸತ್ತರು. ಬೆಂಕಿ ನಂದಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರೂ ಅವರಲ್ಲಿದ್ದರು. ಅವರ ನೆನಪಿಗಾಗಿಯೇ ಪ್ರತಿವರ್ಷವೂ ಏಪ್ರಿಲ್ 14ರಂದು ಭಾರತದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ.

ಕೈಗೆ ಅಭ್ಯಾಸವಾಗಿರುವ ಕೆಲಸವನ್ನು ಕುರಿತು ನಿರ್ಧರಿಸಲು ಮನುಷ್ಯನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೊಗೆಯೊಳಗೆ ತಾನೇ ತೆವಳಿ ನೋಡಿದ ಅಧಿಕಾರಿಗೆ, ಇನ್ನೊಬ್ಬನನ್ನು ಎಷ್ಟು ದೂರ ಕಳುಹಿಸಬಹುದು, ಎಷ್ಟು ನಿಮಿಷಕ್ಕೆ ಹಿಂದಕ್ಕೆ ಕರೆಯಬೇಕು ಎಂಬ ಅಂದಾಜಿರುತ್ತದೆ. ತಾನು ಮಾಡಿಯೇ ಇರದ ಕೆಲಸವನ್ನು ಆಜ್ಞಾಪಿಸುವವನು ಒಂದೋ ಹೆಚ್ಚು ಕೇಳುತ್ತಾನೆ, ಇಲ್ಲವೇ ತಡಮಾಡುತ್ತಾನೆ.

ನೀರನ್ನು ನಿಲ್ಲಿಸುವ ಧೈರ್ಯ

ಬೆಂಕಿಗೆ ನೀರು ಹಾಕುವುದು ಯಾರಿಗೂ ತೋಚುವ ಮಾತು. ಆದರೆ ಹಡಗಿನಲ್ಲಿ ಆ ನೀರೇ ಶತ್ರುವಾಗುವುದುಂಟು. ಮೇಲಿನ ಅಂತಸ್ತುಗಳಲ್ಲಿ ನಿಂತ ನೀರು ಹಡಗು ಓಲಿದ ಕಡೆಗೆಲ್ಲ ಹರಿದು, ತನ್ನ ಭಾರದಿಂದ ಅದನ್ನು ಇನ್ನಷ್ಟು ವಾಲಿಸುತ್ತದೆ. ನೀರು ತುಂಬಿದ ಅಗಲವಾದ ಪರಾತವನ್ನು ಹೊತ್ತು ನಡೆದವರಿಗೆ ಇದರ ಅನುಭವವುಂಟು. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ‘ನಾರ್ಮಂಡಿ’ ಎಂಬ ಭಾರಿ ಹಡಗಿನ ಬೆಂಕಿಯನ್ನು ನಂದಿಸಲು ಸುರಿದ ನೀರೇ ಅದನ್ನು ದಡದ ಪಕ್ಕದಲ್ಲಿಯೇ ಮಗುಚಿ ಕೆಡವಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1988ರ ಏಪ್ರಿಲ್ 14ರಂದು ಪರ್ಷಿಯನ್ ಕೊಲ್ಲಿಯಲ್ಲಿ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಎಂಬ ಅಮೆರಿಕದ ನೌಕೆ ಸಿಡಿಗುಂಡಿಗೆ ತಾಗಿ, ತಳ ಹರಿದು, ಬೆನ್ನೆಲುಬು ಮುರಿದಂತಾಯಿತು. ಕೆಳಗೆ ನೀರು, ಮೇಲೆ ಬೆಂಕಿ. ಬೆಂಕಿಗೆ ಸುರಿಯುವ ನೀರಿನ ಭಾರದಿಂದ ಹಡಗು ಕುಸಿಯುತ್ತಿದೆಯೆಂಬುದನ್ನು ಗ್ರಹಿಸಿದ ಕಪ್ತಾನ ಪಾಲ್ ರಿನ್, ಬೆಂಕಿಯನ್ನು ಬಿಟ್ಟು ಮೊದಲು ನೀರನ್ನು ತಡೆಯಿರೆಂದು ಆಜ್ಞಾಪಿಸಿದನು. ನಾವಿಕರು ಒಡೆಯಲಿದ್ದ ಗೋಡೆಗೆ ತೊಲೆಗಳ ಆಸರೆ ಕೊಟ್ಟರು. ಬಿರುಕುಬಿಟ್ಟ ಭಾಗಗಳನ್ನು ಉಕ್ಕಿನ ಹಗ್ಗಗಳಿಂದ ಬಿಗಿದು ಕಟ್ಟಿದರು. ಗಂಟೆಗಳ ಹೋರಾಟದ ಅನಂತರ ಹಡಗು ಉಳಿಯಿತು. ಗಾಯಗೊಂಡವರುಂಟು, ಸತ್ತವರು ಒಬ್ಬರೂ ಇಲ್ಲ. ಆ ಸಿಬ್ಬಂದಿಯನ್ನು ಅಪಾಯದ ಅಭ್ಯಾಸದಲ್ಲಿ ಕಪ್ತಾನನು ಮೊದಲಿನಿಂದಲೂ ಪಳಗಿಸಿದ್ದನು.

ಕಾರವಾರದ ನೆನಪು

ಕನ್ನಡ ನಾಡಿನ ಕಡಲತಡಿಯಲ್ಲಿಯೂ ಈ ವಿದ್ಯೆಯ ಬೆಲೆಯನ್ನು ಪ್ರಾಣದಿಂದ ತೆತ್ತವರುಂಟು. ಕಾರವಾರದ ನೌಕಾನೆಲೆಗೆ ಬನವಾಸಿಯ ರಾಜವಂಶದ ನೆನಪನ್ನು ತರುವ ‘ಕದಂಬ’ ಎಂಬ ಹೆಸರಿದೆ. ಅದು 2005ರಲ್ಲಿ ಸೇವೆಗೆ ಸೇರಿತು. 2019ರ ಏಪ್ರಿಲ್ 26ರಂದು, ಸುಮಾರು 284 ಮೀಟರು ಉದ್ದದ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ ಈ ಬಂದರನ್ನು ಪ್ರವೇಶಿಸುತ್ತಿದ್ದಾಗ ಒಳಗಿನ ಒಂದು ವಿಭಾಗದಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಂಕಿ ನಂದಿಸುವ ಕಾರ್ಯಕ್ಕೆ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣರು ತಾವೇ ಮುಂದಾಳಾಗಿ ನಿಂತರು. ಬೆಂಕಿ ಹತೋಟಿಗೆ ಬಂದಿತು. ಹಡಗಿನ ಯುದ್ಧಸಾಮರ್ಥ್ಯಕ್ಕೆ ದೊಡ್ಡ ಹಾನಿಯಾಗಲಿಲ್ಲ. ಆದರೆ ಸುಟ್ಟ ಗಾಯಗಳಿಂದಲೂ ಹೊಗೆಯಿಂದಲೂ ಪ್ರಜ್ಞೆ ತಪ್ಪಿದ ಚೌಹಾಣರನ್ನು ಕಾರವಾರದ ನೌಕಾ ಆಸ್ಪತ್ರೆಗೆ ಸಾಗಿಸಿದರೂ ಉಳಿಸಿಕೊಳ್ಳಲಾಗಲಿಲ್ಲ. ಅಧಿಕಾರಿಯ ಸ್ಥಾನ ಎಲ್ಲಿ ಎಂಬುದನ್ನು ಹೊಸಬರಿಗೆ ತಿಳಿಸಲು ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಾಗಿಲ್ಲ.

ಎಲ್ಲ ಪ್ರಯತ್ನವೂ ವಿಫಲವಾದ ಮೇಲೆ ಹಡಗನ್ನು ಬಿಡುವುದೂ ಒಂದು ವಿದ್ಯೆಯೇ. ಲೈಫ್ ಜಾಕೆಟ್ಟನ್ನು ಬಿಗಿಯಾಗಿ ಕಟ್ಟಿಕೊಂಡು ಎತ್ತರದಿಂದ ನೀರಿಗೆ ಹಾರುವುದು, ಮಗುಚಿದ ರಬ್ಬರು ತೆಪ್ಪವನ್ನು ನೇರಮಾಡುವುದು, ಚದುರದೆ ಗುಂಪಾಗಿ ತೇಲುತ್ತ ಮೈಯ ಶಾಖವನ್ನು ಉಳಿಸಿಕೊಳ್ಳುವುದು—ಇವನ್ನೆಲ್ಲ ಮೊದಲೇ ಅಭ್ಯಾಸ ಮಾಡಿರಬೇಕು. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಬಿಟ್ಟ ಟಾರ್ಪೆಡೊ ತಗುಲಿದ ‘ಖುಕ್ರಿ’ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಂದಿಗೆ ಹೋದರು. ಇತರರನ್ನು ಪಾರುಮಾಡುವುದರಲ್ಲಿಯೇ ತೊಡಗಿದ್ದ ಕಪ್ತಾನ ಮಹೇಂದ್ರನಾಥ ಮುಲ್ಲಾ ಹಡಗಿನಲ್ಲಿಯೇ ಉಳಿದರು. ಅಷ್ಟು ಅಲ್ಪಕಾಲದಲ್ಲಿ ಯಾರೂ ಹೊಸದಾಗಿ ಏನನ್ನೂ ಕಲಿಯಲಾರರು. ಕಲಿತಿದ್ದುದು ಮಾತ್ರ ಕೈಗೆ ಬರುತ್ತದೆ.

ಮನೆಯವರಿಗೂ ಸಲ್ಲುವ ಮಾತು

ಇಂದು ಈ ಅಭ್ಯಾಸದಲ್ಲಿ ತರುಣಿಯರೂ ಪಾಲುಗೊಳ್ಳುತ್ತಾರೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ 2022ರಲ್ಲಿ ಮಹಿಳಾ ಕೆಡೆಟ್ಟರನ್ನು ಸೇರಿಸಿಕೊಳ್ಳತೊಡಗಿತು. ಯುದ್ಧನೌಕೆಗಳ ಮೇಲೆಯೂ ಮಹಿಳಾ ಅಧಿಕಾರಿಗಳಿದ್ದಾರೆ. ನುಗ್ಗುವ ನೀರು ಗಂಡುಹೆಣ್ಣೆಂಬ ಭೇದವನ್ನು ಎಣಿಸುವುದಿಲ್ಲವಾದುದರಿಂದ ತರಬೇತಿಯೂ ಎಣಿಸುವುದಿಲ್ಲ.

ಹಡಗಿನ ಹಲವು ನಿಯಮಗಳು ಅಡುಗೆಮನೆಗೂ ಅನ್ವಯಿಸುತ್ತವೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಸುರಿಯಬಾರದು. ಒಲೆಯನ್ನಾರಿಸಿ, ಬಾಣಲೆಯನ್ನು ಅಗಲವಾದ ಮುಚ್ಚಳದಿಂದ ಮುಚ್ಚಬೇಕು. ಅನಿಲದ ವಾಸನೆ ಬಂದರೆ ವಿದ್ಯುತ್ ಗುಂಡಿಯನ್ನು ಮುಟ್ಟದೆ, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ಹೊಗೆ ತುಂಬಿದ ಕೋಣೆಯಿಂದ ಹೊರಬರುವಾಗ ಬಾಗಿ ನಡೆಯಬೇಕು, ಹೊರಬಂದೊಡನೆ ಬಾಗಿಲನ್ನೆಳೆದುಕೊಳ್ಳಬೇಕು. ಇವನ್ನು ಮನೆಯ ಹಿರಿಯರೊಬ್ಬರು ತಿಳಿದಿದ್ದರೆ ಸಾಲದು. ಶಾಲೆಗೆ ಹೋಗುವ ಮಕ್ಕಳೂ ಒಮ್ಮೆ ಮಾಡಿ ನೋಡಿರುವುದು ಲೇಸು. ಆ ಹೊತ್ತಿಗೆ ಹಿರಿಯರು ಮನೆಯಲ್ಲಿಯೇ ಇರುತ್ತಾರೆಂದು ಯಾರು ಹೇಳಬಲ್ಲರು?

ಒಳನಾಡಿನ ಊರುಗಳಿಂದ ಮಗನನ್ನೋ ಮಗಳನ್ನೋ ನೌಕಾಪಡೆಗೆ ಕಳುಹಿಸುವ ತಾಯಿತಂದೆಗಳ ಮನಸ್ಸಿನಲ್ಲಿ ಕಾಣದ ಕಡಲಿನ ಅಂಜಿಕೆ ಇದ್ದೇ ಇರುತ್ತದೆ. ಕಡಲು ಅಪಾಯವಿಲ್ಲದ್ದೆಂದು ಅವರಿಗೆ ಯಾರೂ ಭರವಸೆ ಕೊಡಲಾರರು. ಆದರೆ ಒಂದು ಮಾತನ್ನು ಹೇಳಬಹುದು. ಅವರ ಮಗು ಮಲಗುವ ಹಡಗಿನಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿರುವವರೆಲ್ಲರೂ ಕತ್ತಲೆಯಲ್ಲಿ ನೀರಿಗೆ ಎದೆಗೊಟ್ಟು ಬಿರಡೆ ಬಡಿದವರು. ಹೊಗೆಯಲ್ಲಿ ಜೊತೆಗಾರನ ಭುಜವನ್ನು ಬಿಡದೆ ಹಿಡಿದು ಹೊರಗೆ ಬಂದವರು. ನಡುರಾತ್ರಿಯಲ್ಲಿ ಅಪಾಯದ ಗಂಟೆ ಬಾರಿಸಿದರೆ, ಯಾರು ಯಾವ ಬಾಗಿಲನ್ನು ಮುಚ್ಚಬೇಕು, ಯಾರು ಯಾವ ಕೊಳವೆಯನ್ನು ಹಿಡಿಯಬೇಕು ಎಂದು ಅವರಲ್ಲಿ ಯಾರೂ ಇನ್ನೊಬ್ಬರನ್ನು ಕೇಳುವುದಿಲ್ಲ.